ಬೇಲಿಯ ಎತ್ತರದಿಂದ ಐವರ ಕೌನ್ಸಿಲ್‌ವರೆಗೆ: ಅಪ್ಪರ್ ಕೆನಡಾದ ಟೌನ್‌ಶಿಪ್ ಚುನಾವಣೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂದಿನ ಕೆನಡಾದ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗಕ್ಕೆ ಹಿಂದೆ ಅಪ್ಪರ್ ಕೆನಡಾ ಎಂಬ ಹೆಸರಿತ್ತು. ಕಾಡು ಕಡಿದು ಹೊಲ ಮಾಡಿಕೊಂಡ ವಲಸಿಗರು ಅಲ್ಲಿ ತಮ್ಮ ಊರಿನ ಆಡಳಿತವನ್ನು ಹೇಗೆ ಆರಿಸಿಕೊಂಡರು, ಆ ನಿಯಮಗಳು 1793ರಿಂದ ಹೇಗೆ ಬದಲಾದವು ಎಂಬುದರ ಬಗ್ಗೆ ಓದುಗರಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಚುನಾವಣಾ ನಿಯಮ ಎಂದ ಕೂಡಲೇ ನಾವು ಮತ ಯಾರಿಗಿದೆ ಎಂದು ಕೇಳುತ್ತೇವೆ. ಸಭೆ ಕರೆಯುವವರು ಯಾರು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ತೀರ್ಮಾನವನ್ನು ಹೊಡೆದುಹಾಕುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಿಗೂ ಅಷ್ಟೇ ತೂಕವಿದೆ. ಈ ಉತ್ತರಗಳನ್ನು ಬರೆಯುವಾಗ ಅವನ್ನೇ ಹೆಚ್ಚಾಗಿ ಹಿಂಬಾಲಿಸಿದ್ದೇನೆ.

ಈ ವಲಸಿಗರು ಯಾರು? ಅಲ್ಲಿಗೆ ಯಾವಾಗ ಬಂದರು?

ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷ್ ದೊರೆಯ ಪಕ್ಷ ವಹಿಸಿ, ಸೋತು, ಮನೆಮಠ ಕಳೆದುಕೊಂಡ ಕುಟುಂಬಗಳು 1783–84ರ ಸುಮಾರಿಗೆ ಸೇಂಟ್ ಲಾರೆನ್ಸ್ ನದಿಯ ದಡಕ್ಕೂ ಒಂಟಾರಿಯೊ ಸರೋವರದ ಉತ್ತರ ತೀರಕ್ಕೂ ಬಂದವು. ಆಗ ಅದು ಕ್ವಿಬೆಕ್ ಪ್ರಾಂತ್ಯದ ಪಶ್ಚಿಮದ ಅಂಚು. 1788ರಲ್ಲಿ ಗವರ್ನರ್ ಡಾರ್ಚೆಸ್ಟರ್ ಅದನ್ನು ಲೂನೆನ್‌ಬರ್ಗ್, ಮೆಕ್ಲೆನ್‌ಬರ್ಗ್, ನಸಾವ್, ಹೆಸ್ಸೆ ಎಂಬ ನಾಲ್ಕು ಜಿಲ್ಲೆಗಳಾಗಿ ವಿಂಗಡಿಸಿದರು. 1791ರ ಸಂವಿಧಾನ ಕಾಯ್ದೆಯಿಂದ ಅಪ್ಪರ್ ಕೆನಡಾ ಪ್ರತ್ಯೇಕ ಪ್ರಾಂತ್ಯವಾಯಿತು. ಜಾನ್ ಗ್ರೇವ್ಸ್ ಸಿಮ್ಕೋ ಅದರ ಮೊದಲ ಲೆಫ್ಟಿನೆಂಟ್ ಗವರ್ನರ್. ಮೊದಲ ಶಾಸನಸಭೆ 1792ರ ಸೆಪ್ಟೆಂಬರ್‌ನಲ್ಲಿ ನ್ಯೂಆರ್ಕ್ ಎಂಬಲ್ಲಿ ಸೇರಿತು. ಅದು ಇಂದಿನ ನಯಾಗರಾ-ಆನ್-ದ-ಲೇಕ್.

ಟೌನ್‌ಶಿಪ್ ಎಂದರೆ ಊರೇ?

ಅಲ್ಲ. ಟೌನ್‌ಶಿಪ್ ಎಂದರೆ ಸರ್ವೆಯವರು ಕಾಗದದ ಮೇಲೆ ಎಳೆದ ಚೌಕ. ನೀರಿನ ದಡದಲ್ಲಿದ್ದರೆ ಒಂಬತ್ತು ಮೈಲಿಗೆ ಹನ್ನೆರಡು ಮೈಲಿ, ಒಳನಾಡಿನಲ್ಲಾದರೆ ಹತ್ತಕ್ಕೆ ಹತ್ತು ಮೈಲಿ ಎಂಬುದು ಸಾಮಾನ್ಯ ಅಳತೆ. ಅದರೊಳಗೆ ಬಹುಪಾಲು 200 ಎಕರೆಯ ತುಂಡುಗಳು. ಮನೆಗಳು ಒಂದರ ಪಕ್ಕ ಒಂದು ಇರಲಿಲ್ಲ. ನೆರೆಮನೆಗೆ ಹೋಗಬೇಕಾದರೆ ಕಾಡು ದಾಟಬೇಕಿತ್ತು. ಇದರ ಜೊತೆಗೆ ಜಮೀನಿನ ಏಳನೆಯ ಒಂದು ಪಾಲನ್ನು ಚರ್ಚಿನ ಪಾದ್ರಿಗಳಿಗೂ ಇನ್ನೊಂದು ಏಳನೆಯ ಪಾಲನ್ನು ದೊರೆಗೂ ಮೀಸಲಿಟ್ಟಿದ್ದರು. ಆ ತುಂಡುಗಳು ಖಾಲಿ ಬಿದ್ದಿರುತ್ತಿದ್ದವು. ಅಲ್ಲಿ ಯಾರೂ ವಾಸವಿಲ್ಲವೆಂದ ಮೇಲೆ ಅವುಗಳ ಮುಂದೆ ರಸ್ತೆ ಕಡಿಯುವವರೂ ಇಲ್ಲ. ಮುಂದಿನ ಅರ್ಧ ಶತಮಾನದ ಸ್ಥಳೀಯ ರಾಜಕೀಯದ ದೊಡ್ಡ ಪಾಲು ಈ ತುಂಡು ತುಂಡಾದ ರಸ್ತೆಯಿಂದಲೇ ಹುಟ್ಟಿತು.

ಮೊದಲ ಚುನಾವಣಾ ನಿಯಮ ಯಾವುದು?

1793ರ ಜುಲೈನಲ್ಲಿ ಅಂಗೀಕಾರವಾದ ಪ್ಯಾರಿಷ್ ಮತ್ತು ಟೌನ್ ಅಧಿಕಾರಿಗಳ ಕಾಯ್ದೆ. ಅದರ ಪ್ರಕಾರ ಟೌನ್‌ಶಿಪ್‌ನ ವಾರ್ಷಿಕ ಸಭೆ ಮಾರ್ಚ್ ತಿಂಗಳ ಮೊದಲ ಸೋಮವಾರ. ದಿನದ ಆಯ್ಕೆ ರೈತನಿಗೆ ಹೊಂದುವಂಥದ್ದು: ಹಿಮದ ಮೇಲೆ ಜಾರುಬಂಡಿ ಇನ್ನೂ ಓಡುತ್ತದೆ, ಉಳುಮೆ ಇನ್ನೂ ಶುರುವಾಗಿರುವುದಿಲ್ಲ.

ಆದರೆ ಸಭೆ ತಾನಾಗಿ ಸೇರುವಂತಿರಲಿಲ್ಲ. ಇಬ್ಬರು ಜಸ್ಟಿಸ್ ಆಫ್ ದ ಪೀಸ್, ಅಂದರೆ ಸರ್ಕಾರ ನೇಮಿಸಿದ ಮ್ಯಾಜಿಸ್ಟ್ರೇಟರು, ಆಜ್ಞಾಪತ್ರ ಹೊರಡಿಸಬೇಕು. ಅದನ್ನು ಹಿಡಿದು ಕಾನ್‌ಸ್ಟೆಬಲ್ ಜನರನ್ನು ಚರ್ಚಿಗೋ ಅನುಕೂಲವಾದ ಬೇರೆ ಜಾಗಕ್ಕೋ ಕರೆಯಬೇಕು. ಸಿಮ್ಕೋ ಅವರಿಗೆ ಊರಸಭೆಗಳೆಂದರೆ ಅಪನಂಬಿಕೆ. ನ್ಯೂ ಇಂಗ್ಲೆಂಡಿನ ಊರಸಭೆಗಳಲ್ಲಿಯೇ ಕ್ರಾಂತಿಯ ಕಿಡಿ ಹೊತ್ತಿತು ಎಂಬ ಭಾವನೆ ಆ ಕಾಲದ ಅಧಿಕಾರಿಗಳಲ್ಲಿ ಗಟ್ಟಿಯಾಗಿತ್ತು. ಕಾಯ್ದೆಯ ಪ್ರತಿ ಸಾಲಿನಲ್ಲೂ ಆ ಭಯದ ನೆರಳಿದೆ.

ಸಣ್ಣ ಟೌನ್‌ಶಿಪ್‌ಗಳಿಗೂ ಸಭೆ ಇತ್ತೇ?

ಮೂವತ್ತು ಮನೆವಂದಿಗರು, ಅಂದರೆ ಮನೆ ನಡೆಸುವ ಯಜಮಾನರು, ಇಲ್ಲದ ಕಡೆ ಪ್ರತ್ಯೇಕ ಸಭೆ ಇರಲಿಲ್ಲ. ಅಂಥ ಟೌನ್‌ಶಿಪ್ ಪಕ್ಕದ ಟೌನ್‌ಶಿಪ್ ಜೊತೆ ಸೇರಬೇಕಿತ್ತು.

ಮತ ಹಾಕುವ ಹಕ್ಕು ಯಾರಿಗಿತ್ತು?

ಸಾರ್ವಜನಿಕ ತೆರಿಗೆ ಕಟ್ಟುವ ಅಥವಾ ಕಟ್ಟಬೇಕಾದ ಮನೆವಂದಿಗರಿಗೆ. ಗಮನಿಸಿ: ಜಮೀನಿನ ಒಡೆತನದ ಪತ್ರ ಕೈಯಲ್ಲಿರಬೇಕೆಂಬ ಷರತ್ತು ಇರಲಿಲ್ಲ. ಒಲೆ ಹೊತ್ತಿಸಿಕೊಂಡು ತೆರಿಗೆ ಪಟ್ಟಿಯಲ್ಲಿದ್ದರೆ ಸಾಕು. ಹಾಗೆ ನೋಡಿದರೆ ಶಾಸನಸಭೆಯ ಮತಕ್ಕಿಂತ ಊರಿನ ಮತ ಹೆಚ್ಚು ಜನರಿಗೆ ಸಿಗುತ್ತಿತ್ತು. ಅದರ ಬೆಲೆ ಎಷ್ಟಿತ್ತು ಎಂಬುದು ಮುಂದಿನ ಉತ್ತರಗಳಲ್ಲಿದೆ.

ಯಾವ ಯಾವ ಹುದ್ದೆಗೆ ಆರಿಸುತ್ತಿದ್ದರು?

ಒಬ್ಬ ಟೌನ್ ಗುಮಾಸ್ತ. ಆಸ್ತಿಯ ಬೆಲೆ ಕಟ್ಟಲು ಇಬ್ಬರು. ತೆರಿಗೆ ವಸೂಲಿಗೆ ಒಬ್ಬ. ಎರಡರಿಂದ ಆರು ಮಂದಿ ರಸ್ತೆ ಮೇಲ್ವಿಚಾರಕರು. ಬೇಲಿ ನೋಡುವ ಕೆಲಸವೂ ಅವರದೇ. ಅಡ್ಡಾಡುವ ದನಗಳನ್ನು ಕೂಡಿಹಾಕುವ ಕೊಂಡವಾಡಕ್ಕೆ ಒಬ್ಬ ಕಾವಲುಗಾರ. ಇವರಲ್ಲದೆ ಊರಿನ ಪರವಾಗಿ ವ್ಯವಹರಿಸುವ ಇಬ್ಬರು ವಾರ್ಡನ್‌ಗಳು. ಆಂಗ್ಲಿಕನ್ ಪಾದ್ರಿ ಇದ್ದ ಕಡೆ ಅವರಲ್ಲೊಬ್ಬನನ್ನು ಪಾದ್ರಿಯೇ ಹೆಸರಿಸುತ್ತಿದ್ದ.

ಈ ಪಟ್ಟಿಯಲ್ಲಿ ಕೌನ್ಸಿಲ್ ಸದಸ್ಯ ಎಂಬ ಹುದ್ದೆಯೇ ಇಲ್ಲ. ಆರಿಸಿದ್ದು ಆಳುವವರನ್ನಲ್ಲ, ಕೆಲಸ ಮಾಡುವವರನ್ನು.

ಆಯ್ಕೆಯಾದವನು ಕೆಲಸ ಒಲ್ಲೆ ಎಂದರೆ?

ನಲವತ್ತು ಷಿಲಿಂಗ್ ದಂಡ. ನಗದು ಕಾಣುವುದೇ ಅಪರೂಪವಾಗಿದ್ದ ಕಾಡಿನಂಚಿನ ರೈತನಿಗೆ ಅದು ಸಣ್ಣ ಮೊತ್ತವಲ್ಲ. ಇಂದು ನಾವು ಹುದ್ದೆಯನ್ನು ಗೌರವವೆಂದು ಎಣಿಸುತ್ತೇವೆ. ಅಂದು ಅದು ಸರದಿಯಲ್ಲಿ ಬರುವ ಹೊರೆ.

ಬೇಲಿ, ಹಂದಿ, ದನಗಳ ಬಗ್ಗೆ ಅಷ್ಟೊಂದು ಚರ್ಚೆ ಏಕೆ?

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ನಗುತ್ತಲೇ ಕೇಳುತ್ತಾರೆ. ನನಗೆ ಮಾತ್ರ ಇಡೀ ಕಥೆಯ ಜೀವ ಇಲ್ಲಿಯೇ ಇದೆ.

ಕ್ವಿಂಟೆ ಕೊಲ್ಲಿಯ ದಡದಲ್ಲಿದ್ದ ಅಡಾಲ್ಫಸ್‌ಟೌನ್‌ನ ವಲಸಿಗರು 1793ರ ಕಾಯ್ದೆ ಬರುವುದಕ್ಕೂ ಮೊದಲೇ ತಾವಾಗಿ ಸಭೆ ಸೇರಿ ಅಧಿಕಾರಿಗಳನ್ನು ಆರಿಸಿಕೊಂಡು ನಡಾವಳಿ ಬರೆದಿಟ್ಟಿದ್ದರು. ಅವರ ತೀರ್ಮಾನಗಳನ್ನು ನೋಡಿ: ಬೇಲಿಯ ಎತ್ತರ ನಾಲ್ಕು ಅಡಿ ಎಂಟು ಅಂಗುಲ ಇರಬೇಕು. ನೀರನ್ನು ಬೇಲಿ ಎಂದು ಒಪ್ಪಲಾಗದು. ಹೊರಗೆ ತಿರುಗುವ ಹಂದಿಗಳ ಕೊರಳಿಗೆ ಇಂತಿಷ್ಟು ಅಳತೆಯ ನೊಗ ಇರಬೇಕು. ಮೂರು ತಿಂಗಳಾಗದ ಮರಿಗಳನ್ನು ಬಿಡಬಾರದು. ಬೀಜದ ಗಂಡು ಕುದುರೆಯನ್ನು ಬಿಡಲೇಬಾರದು.

ನಮ್ಮಲ್ಲಿ ದನವನ್ನು ಕಟ್ಟಿ ಮೇಯಿಸುವುದು, ಕಾವಲಿಗೆ ಹುಡುಗನನ್ನು ಕಳುಹಿಸುವುದು ರೂಢಿ. ಅಲ್ಲಿ ಆಳು ಸಿಗುತ್ತಿರಲಿಲ್ಲ. ದನವನ್ನು ಕಾಡಿಗೆ ಬಿಡುವುದು, ಬೆಳೆಯ ಸುತ್ತ ಬೇಲಿ ಕಟ್ಟುವುದು ಅವರ ಕ್ರಮ. ಹಾಗಾಗಿ ನೆರೆಯವನ ಎತ್ತು ನನ್ನ ಗೋಧಿ ಮೇಯ್ದರೆ ನಷ್ಟ ಯಾರದು ಎಂಬುದು ಬೇಲಿಯ ಎತ್ತರದ ಮೇಲೆ ನಿಂತಿತ್ತು. ಬೇಲಿ ಸಭೆ ಹೇಳಿದ ಎತ್ತರಕ್ಕಿದ್ದರೆ ಎತ್ತಿನ ಒಡೆಯ ಪರಿಹಾರ ಕೊಡಬೇಕು. ಗಿಡ್ಡವಾಗಿದ್ದರೆ ಗೋಧಿಯ ಒಡೆಯ ಸುಮ್ಮನಿರಬೇಕು. ಬಡವನ ಬಳಿ ಕೊಡಲಿ ಹಿಡಿಯುವ ಕೈ ಎರಡೇ. ಬೇಲಿಯನ್ನು ಒಂದು ಅಡಿ ಏರಿಸಿದರೆ ಅವನ ಚಳಿಗಾಲದ ದಿನಗಳು ಅಲ್ಲಿಯೇ ಕರಗುತ್ತವೆ. ನೀರನ್ನು ಬೇಲಿಯೆಂದು ಒಪ್ಪಿದರೆ ಕೊಲ್ಲಿಯ ದಡದವನಿಗೆ ಒಂದು ಬದಿಯ ಬೇಲಿ ಕಟ್ಟುವ ಕೆಲಸ ತಪ್ಪುತ್ತದೆ. ಒಪ್ಪದಿದ್ದರೆ ಅವನೂ ಕಟ್ಟಬೇಕು. ಇದು ಆಸ್ತಿ, ದುಡಿಮೆ, ನ್ಯಾಯ ಮೂರೂ ಸೇರಿದ ಪ್ರಶ್ನೆ. ಅದನ್ನು ತೀರ್ಮಾನಿಸಿದವರು ದೂರದ ಅಧಿಕಾರಿಗಳಲ್ಲ, ಆ ಬೇಲಿಯನ್ನು ಕಟ್ಟಬೇಕಾದವರು. ಹಂದಿಯ ನೊಗದ ಅಳತೆಯನ್ನು ಬರೆದ ಆ ನಡಾವಳಿಯನ್ನು ನಾನು ಶಾಸನವೆಂದೇ ಓದುತ್ತೇನೆ.

ರಸ್ತೆಯ ವಿಷಯವೂ ಹೀಗೆಯೇ. 1793ರ ಇನ್ನೊಂದು ಕಾಯ್ದೆಯಂತೆ ರಸ್ತೆಗಾಗಿ ವರ್ಷಕ್ಕೆ ಗರಿಷ್ಠ 12 ದಿನ ಬಿಟ್ಟಿ ದುಡಿಮೆ ಮಾಡಬೇಕಿತ್ತು. ಯಾವ ದಿನ, ಯಾವ ತುಂಡಿನಲ್ಲಿ ದುಡಿಯಬೇಕು ಎಂದು ಹೇಳುವವನು ಮೇಲ್ವಿಚಾರಕ. ಅವನನ್ನು ಆರಿಸುವ ಮತ ಎಂದರೆ ನಿಮ್ಮ ಮನೆಯ ಮುಂದೆ ರಸ್ತೆ ಬರುತ್ತದೆಯೋ ಇಲ್ಲವೋ ಎಂಬ ಮತ.

ಹಾಗಾದರೆ ಊರಿನ ಹಣ ಯಾರ ಕೈಯಲ್ಲಿತ್ತು?

ಮ್ಯಾಜಿಸ್ಟ್ರೇಟರ ಕೈಯಲ್ಲಿ. ಜಿಲ್ಲೆಯ ಜಸ್ಟಿಸ್‌ಗಳು ಮೂರು ತಿಂಗಳಿಗೊಮ್ಮೆ ಸೇರುವ ಕ್ವಾರ್ಟರ್ ಸೆಷನ್ಸ್ ಎಂಬ ನ್ಯಾಯಾಲಯವೇ ಆಡಳಿತವನ್ನೂ ನಡೆಸುತ್ತಿತ್ತು. ಜೈಲು, ಕೋರ್ಟಿನ ಕಟ್ಟಡ, ದೊಡ್ಡ ರಸ್ತೆ, ತೆರಿಗೆ ಹಣದ ಖರ್ಚು ಎಲ್ಲವೂ ಅವರದೇ. ಕಾನ್‌ಸ್ಟೆಬಲ್‌ಗಳನ್ನು ನೇಮಿಸುವವರೂ ಅವರೇ. ಅವರನ್ನು ಜನ ಆರಿಸುವಂತಿರಲಿಲ್ಲ, ಇಳಿಸುವಂತೆಯೂ ಇರಲಿಲ್ಲ. ತೆರಿಗೆ ಅಳೆಯುವವನು, ವಸೂಲಿ ಮಾಡುವವನು ಜನರು ಆರಿಸಿದವರು. ಖರ್ಚು ಮಾಡುವವರು ಸರ್ಕಾರ ಆರಿಸಿದವರು. ಈ ಒಡಕು ಸುಮಾರು ಐವತ್ತು ವರ್ಷ ನಡೆಯಿತು.

ಇದನ್ನು ಬದಲಿಸುವ ಪ್ರಯತ್ನ ಆಗಲಿಲ್ಲವೇ?

1835ರಲ್ಲಿ ಶಾಸನಸಭೆಯಲ್ಲಿ ಸುಧಾರಣಾವಾದಿಗಳಿಗೆ ಬಹುಮತವಿದ್ದಾಗ ಒಂದು ಕಾಯ್ದೆ ಬಂತು. ಪ್ರತಿ ಟೌನ್‌ಶಿಪ್ ಮೂವರು ಕಮಿಷನರರನ್ನು ಆರಿಸಿ, ರಸ್ತೆಗೆ ಸಂಬಂಧಿಸಿದ ಅಧಿಕಾರಗಳನ್ನು ಅವರಿಗೆ ಕೊಡಬಹುದಾಯಿತು. 1837ರ ಡಿಸೆಂಬರಿನಲ್ಲಿ ಸುಧಾರಣಾವಾದಿ ವಿಲಿಯಂ ಲಯನ್ ಮೆಕೆಂಜಿ ಅವರ ನಾಯಕತ್ವದಲ್ಲಿ ಸರ್ಕಾರದ ವಿರುದ್ಧ ಎದ್ದ ದಂಗೆ ಸೋತಿತು. 1838ರಲ್ಲಿ ಈ ವ್ಯವಸ್ಥೆಯನ್ನೇ ತೆಗೆದುಹಾಕಿದರು. ರಸ್ತೆ ದುರಸ್ತಿ ಮಾಡುವ ಮೂವರು ರೈತರಿಂದ ರಾಜ್ಯಕ್ಕೆ ಯಾವ ಅಪಾಯ ಬಂದೀತು? ಆದರೂ ಆಳುವವರು ಹೆದರಿದ್ದು ಅವರಿಗೇ.

1841ರ ಜಿಲ್ಲಾ ಕೌನ್ಸಿಲ್ ಕಾಯ್ದೆಯಲ್ಲಿ ಏನಿತ್ತು?

ದಂಗೆಯ ಕಾರಣಗಳನ್ನು ಪರಿಶೀಲಿಸಿದ ಲಾರ್ಡ್ ಡರ್ಹ್ಯಾಮ್ 1839ರ ವರದಿಯಲ್ಲಿ ಸ್ಥಳೀಯ ಸ್ವಯಮಾಡಳಿತ ಬೇಕು ಎಂದರು. 1841ರಲ್ಲಿ ಅಪ್ಪರ್ ಕೆನಡಾ ಮತ್ತು ಲೋವರ್ ಕೆನಡಾ (ಇಂದಿನ ಕ್ವಿಬೆಕ್‌ನ ದಕ್ಷಿಣ ಭಾಗ) ಒಂದಾದ ಮೇಲೆ ಗವರ್ನರ್ ಜನರಲ್ ಲಾರ್ಡ್ ಸಿಡ್ನಹ್ಯಾಮ್ ಜಿಲ್ಲಾ ಕೌನ್ಸಿಲ್ ಕಾಯ್ದೆಯನ್ನು ತಂದರು.

ಆಯ್ಕೆಯ ನಿಯಮ ಹೀಗಿತ್ತು. ಪ್ರತಿ ಟೌನ್‌ಶಿಪ್‌ನಿಂದ ಒಬ್ಬ ಸದಸ್ಯ; ತೆರಿಗೆ ಪಟ್ಟಿಯಲ್ಲಿ 300ಕ್ಕಿಂತ ಹೆಚ್ಚು ಹೆಸರಿದ್ದರೆ ಇಬ್ಬರು. ಅವಧಿ ಮೂರು ವರ್ಷ, ಪ್ರತಿ ವರ್ಷ ಮೂರನೆಯ ಒಂದು ಭಾಗ ನಿವೃತ್ತಿ. ನಿಲ್ಲುವವನಿಗೆ 300 ಪೌಂಡ್ ಬೆಲೆಯ ಸ್ವಂತ ಸ್ಥಿರಾಸ್ತಿ ಇರಬೇಕು.

ಇಲ್ಲಿಯವರೆಗೆ ಓದಿದವರು ಇದು ಜನರ ಗೆಲುವು ಎಂದುಕೊಳ್ಳಬಹುದು. ಮುಂದೆ ಓದಿ. ಅಧ್ಯಕ್ಷ, ಅಂದರೆ ವಾರ್ಡನ್, ಗವರ್ನರರಿಂದ ನೇಮಕ. ಗುಮಾಸ್ತನ ಹುದ್ದೆಗೆ ಕೌನ್ಸಿಲ್ ಮೂರು ಹೆಸರು ಕಳುಹಿಸಬೇಕು, ಆರಿಸುವವರು ಗವರ್ನರ್. ಕೌನ್ಸಿಲ್ ಮಾಡಿದ ಉಪವಿಧಿಗಳು ಗವರ್ನರರ ಬಳಿ ಹೋಗಬೇಕು; 30 ದಿನಗಳೊಳಗೆ ಅವರು ಅದನ್ನು ತಳ್ಳಿಹಾಕಬಹುದು. ಬೇಕೆನಿಸಿದರೆ ಕೌನ್ಸಿಲನ್ನೇ ವಿಸರ್ಜಿಸಬಹುದು. ಸುಧಾರಣಾವಾದಿ ನಾಯಕ ರಾಬರ್ಟ್ ಬಾಲ್ಡ್ವಿನ್ ಇದೇ ಕಾರಣಕ್ಕೆ ಮಸೂದೆಯನ್ನು ವಿರೋಧಿಸಿದರು. ಅವರ ಜೊತೆಗಾರ ಫ್ರಾನ್ಸಿಸ್ ಹಿಂಕ್ಸ್, ಸಿಕ್ಕಿದ್ದನ್ನು ಹಿಡಿದುಕೊಳ್ಳೋಣ ಎಂಬ ನಿಲುವಿನಿಂದ ಬೆಂಬಲಿಸಿದರು. ಬಾಲ್ಡ್ವಿನ್ ಅವರ ಆಕ್ಷೇಪ ಸರಿಯಾಗಿತ್ತು ಎಂದು ನನ್ನ ಭಾವನೆ. ಆದರೆ ಕೌನ್ಸಿಲ್‌ನಲ್ಲಿ ಕುಳಿತು ಅಭ್ಯಾಸವಾದ ಜನ 1846ರಲ್ಲಿ ತಮ್ಮ ವಾರ್ಡನ್‌ನನ್ನು ತಾವೇ ಆರಿಸುವ ಹಕ್ಕು ಪಡೆದದ್ದನ್ನು ನೋಡಿದರೆ ಹಿಂಕ್ಸ್ ಅವರ ಲೆಕ್ಕವೂ ತಪ್ಪಲ್ಲ.

ಬ್ರಿಟಿಷ್ ಭಾರತದ ಲೋಕಲ್ ಬೋರ್ಡುಗಳಿಗೂ ಇದಕ್ಕೂ ಹೋಲಿಕೆ ಇದೆಯೇ?

ಇದೆ. ಆಳುವವರು ಒಂದೇ ಸಾಮ್ರಾಜ್ಯದವರು, ಅಳುಕೂ ಒಂದೇ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳಂಥ ಕನ್ನಡ ಜಿಲ್ಲೆಗಳಲ್ಲಿಯೂ ಲೋಕಲ್ ಫಂಡ್ ಸಮಿತಿಗಳಿಗೆ ಕಲೆಕ್ಟರರೇ ಮುಖ್ಯಸ್ಥರಾಗಿದ್ದರು. 1882ರ ಮೇ 18ರ ಠರಾವಿನಲ್ಲಿ ಲಾರ್ಡ್ ರಿಪನ್, ಸಾಧ್ಯವಿದ್ದ ಕಡೆಯೆಲ್ಲ ಅಧಿಕಾರಿಗಳಲ್ಲದವರೇ ಅಧ್ಯಕ್ಷರಾಗಬೇಕು ಎಂದು ಹೇಳಬೇಕಾಯಿತು. ಅಪ್ಪರ್ ಕೆನಡಾದವರು 1846ರಲ್ಲಿ ದಾಟಿದ ಹೊಸ್ತಿಲು ಅದೇ.

1849ರ ಬಾಲ್ಡ್ವಿನ್ ಕಾಯ್ದೆ ಏಕೆ ಮುಖ್ಯ?

ಟೌನ್‌ಶಿಪ್‌ಗೆ ನಿಜವಾದ ಕೌನ್ಸಿಲ್ ಬಂದದ್ದು ಇದರಿಂದ. 1850ರ ಜನವರಿ 1ರಿಂದ ಜಿಲ್ಲೆಗಳ ಆಡಳಿತ ಹೋಗಿ ಕೌಂಟಿಗಳು ಬಂದವು. ತೆರಿಗೆ ಪಟ್ಟಿಯಲ್ಲಿ ನೂರು ಮಂದಿ ನಿವಾಸಿ ಭೂಮಾಲೀಕರು ಮತ್ತು ಮನೆವಂದಿಗರಿದ್ದ ಟೌನ್‌ಶಿಪ್ ತಾನೇ ಒಂದು ಸಂಸ್ಥೆ. ಅಷ್ಟಿಲ್ಲದಿದ್ದರೆ ಪಕ್ಕದವರ ಜೊತೆ ಕೂಡಬೇಕು. ಪ್ರತಿ ವರ್ಷ ಜನವರಿಯಲ್ಲಿ ಐವರು ಸದಸ್ಯರ ಚುನಾವಣೆ. ಆ ಐವರು ತಮ್ಮೊಳಗೊಬ್ಬನನ್ನು ರೀವ್ ಎಂದು ಆರಿಸುತ್ತಿದ್ದರು. ನಮ್ಮ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರು ಆರಿಸುವ ಹಾಗೆ. ಪಟ್ಟಿಯಲ್ಲಿ 500 ಜನರಿದ್ದರೆ ಒಬ್ಬ ಉಪರೀವ್ ಕೂಡ. ಈ ರೀವ್‌ಗಳೂ ಉಪರೀವ್‌ಗಳೂ ಸೇರಿದ್ದೇ ಕೌಂಟಿ ಕೌನ್ಸಿಲ್. ಅದರ ವಾರ್ಡನ್‌ನನ್ನು ಅವರೇ ಆರಿಸುತ್ತಿದ್ದರು.

ಗುಮಾಸ್ತನನ್ನು ನೇಮಿಸುವುದು ಕೌನ್ಸಿಲ್. ತೆರಿಗೆ ಹಾಕುವುದು ಕೌನ್ಸಿಲ್, ಖರ್ಚು ಮಾಡುವುದೂ ಕೌನ್ಸಿಲ್. ಐವತ್ತಾರು ವರ್ಷಗಳ ಹಿಂದೆ ಹಂದಿಯನ್ನು ಬಿಡುವ ಕಟ್ಟುವ ಮಾತಿಗೆ ಸೀಮಿತವಾಗಿದ್ದ ಸಭೆಯ ಕೈಗೆ ಕೊನೆಗೂ ಹಣದ ಪೆಟ್ಟಿಗೆಯ ಕೀಲಿಕೈ ಬಂತು. ರೀವ್‌ನನ್ನು ಮತದಾರರೇ ನೇರವಾಗಿ ಆರಿಸುವ ನಿಯಮ 1866ರ ಕಾಯ್ದೆಯಲ್ಲಿ ಬಂದಿತು.

ಮತದಾನ ಗುಪ್ತವಾಗಿತ್ತೇ?

ಇರಲಿಲ್ಲ. ಮತದಾರ ಎಲ್ಲರೆದುರು ನಿಂತು ಹೆಸರು ಹೇಳಬೇಕು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸಾಲ ಕೊಟ್ಟ ಅಂಗಡಿಯವನೋ ಹಿಟ್ಟಿನ ಗಿರಣಿಯ ಒಡೆಯನೋ ಅಭ್ಯರ್ಥಿಯಾಗಿದ್ದರೆ ಬಡ ರೈತ ಯಾರ ಹೆಸರು ಹೇಳಿಯಾನು! ಒಂಟಾರಿಯೊದ ಶಾಸನಸಭೆ 1874ರಲ್ಲಿ ಗುಪ್ತ ಮತದಾನವನ್ನು ಒಪ್ಪಿಕೊಂಡಿತು. ಸ್ಥಳೀಯ ಚುನಾವಣೆಗಳಿಗೂ ಅದೇ ಹೊತ್ತಿನಲ್ಲಿ ಮತಚೀಟಿ ಬಂತು.

ಮಹಿಳೆಯರು?

1849ರ ಇನ್ನೊಂದು ಶಾಸನ ಶಾಸನಸಭೆಯ ಚುನಾವಣೆಯಲ್ಲಿ ಹೆಂಗಸರು ಮತ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿತು. 1850ರಿಂದ ಆಸ್ತಿಯುಳ್ಳ ಮಹಿಳೆಯರು ಶಾಲಾ ಟ್ರಸ್ಟಿಗಳನ್ನು ಆರಿಸಲು ಮತ ಹಾಕಬಹುದಾಯಿತು. ಆಸ್ತಿಯುಳ್ಳ ವಿಧವೆಯರಿಗೂ ಅವಿವಾಹಿತೆಯರಿಗೂ ಸ್ಥಳೀಯ ಕೌನ್ಸಿಲ್‌ನ ಮತ ಸಿಕ್ಕಿದ್ದು 1884ರಲ್ಲಿ. ಮದುವೆಯಾದವಳಿಗೆ ಆಗಲೂ ಇಲ್ಲ. ಗಂಡನ ಜೊತೆ ಮರ ಕಡಿದು, ಬೇಲಿ ಕಟ್ಟಿ, ಬೆಣ್ಣೆ ಮಾರಿ ತೆರಿಗೆಗೆ ಹಣ ಹೊಂದಿಸಿದವಳು ಆ ತೆರಿಗೆಯ ಲೆಕ್ಕ ಕೇಳುವಂತಿರಲಿಲ್ಲ. ಈ ಅನ್ಯಾಯಕ್ಕೆ ಕಾಲದ ನೆಪ ಹೇಳಿ ಸಮಾಧಾನ ಪಡುವುದು ನನ್ನಿಂದ ಆಗದು.

ಕಪ್ಪು ಜನರಿಗೆ ಮತವಿತ್ತೇ?

ಕಾನೂನಿನಲ್ಲಿ ಬಣ್ಣದ ಅಡ್ಡಿ ಇರಲಿಲ್ಲ. ಆಸ್ತಿ, ಪ್ರಜೆತನಗಳ ಷರತ್ತು ಪೂರೈಸಿದರೆ ಮತವಿತ್ತು. ವ್ಯವಹಾರದಲ್ಲಿ ದ್ವೇಷ ಬೇಕಾದಷ್ಟಿತ್ತು. ಇದಕ್ಕೆ ಒಳ್ಳೆಯ ಉದಾಹರಣೆ ಕೆಂಟ್ ಕೌಂಟಿಯ ರಾಲೀ ಟೌನ್‌ಶಿಪ್. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗಾಗಿ ಪಾದ್ರಿ ವಿಲಿಯಂ ಕಿಂಗ್ 1849ರಲ್ಲಿ ಅಲ್ಲಿ ಎಲ್ಗಿನ್ ವಸಾಹತನ್ನು ಆರಂಭಿಸಿದರು. ಊರಿನ ಹೆಸರು ಬಕ್ಸ್‌ಟನ್. ಒಂದೊಂದು ಕುಟುಂಬಕ್ಕೆ 50 ಎಕರೆ, ಎಕರೆಗೆ ಎರಡೂವರೆ ಡಾಲರ್, ಹತ್ತು ವಾರ್ಷಿಕ ಕಂತು. ಸ್ಥಳೀಯ ರಾಜಕಾರಣಿ ಎಡ್ವಿನ್ ಲಾರ್ವಿಲ್ ಇದನ್ನು ಕಟುವಾಗಿ ವಿರೋಧಿಸಿದರು. ಆದರೆ ಜಮೀನು ಬಂದ ಹಿಂದೆಯೇ ಮತವೂ ಬಂತು. ಬಕ್ಸ್‌ಟನ್‌ನವರು ಒಟ್ಟಾಗಿ ಹೋಗಿ ಮತ ಹಾಕಿದರು; ಲಾರ್ವಿಲ್ ಶಾಸನಸಭೆಯ ಚುನಾವಣೆಯಲ್ಲಿ ಆರ್ಚಿಬಾಲ್ಡ್ ಮೆಕೆಲ್ಲರ್ ಅವರಿಗೆ ಸೋತರು.

1859ರಲ್ಲಿ ಅದೇ ರಾಲೀ ಟೌನ್‌ಶಿಪ್‌ನ ಮತದಾರರು ಏಬ್ರಹಾಂ ಶ್ಯಾಡ್ ಅವರನ್ನು ಕೌನ್ಸಿಲ್‌ಗೆ ಆರಿಸಿದರು. ಕೆನಡಾದಲ್ಲಿ ಚುನಾಯಿತ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರು. ಆ ಬಾಗಿಲು ತೆರೆದದ್ದು ಪಾರ್ಲಿಮೆಂಟಿನಲ್ಲಿ ಅಲ್ಲ, ಐವರ ಟೌನ್‌ಶಿಪ್ ಕೌನ್ಸಿಲ್‌ನಲ್ಲಿ.

ಆ ನೆಲದ ಮೂಲನಿವಾಸಿಗಳ ಪಾಡೇನು?

ಈ ಚೌಕಗಳನ್ನೆಲ್ಲ ಎಳೆದದ್ದು ಅವರ ನೆಲದ ಮೇಲೆ. ಮಿಸಿಸಾಗಾ ಮೊದಲಾದ ಜನರಿಂದ ಒಪ್ಪಂದಗಳ ಮೂಲಕ ಭೂಮಿ ಪಡೆದರು. 1787ರ ಟೊರಾಂಟೊ ಖರೀದಿಯ ದಾಖಲೆ ಎಷ್ಟು ಅಪೂರ್ಣವಾಗಿತ್ತೆಂದರೆ 1805ರಲ್ಲಿ ಅದನ್ನು ಮತ್ತೆ ಮಾಡಬೇಕಾಯಿತು. ಟೌನ್‌ಶಿಪ್ ಸಭೆ ಬೇಲಿಯ ಎತ್ತರ ನಿರ್ಧರಿಸುವಾಗ, ಬೇಲಿಯೇ ಇಲ್ಲದೆ ಆ ನೆಲವನ್ನು ಬಳಸಿದವರ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಇನ್ನೊಂದು ನೋವಿನ ಸಂಗತಿ ಇದೆ. ವಲಸಿಗರು ಬೇಡಿ ಪಡೆದ ಚುನಾಯಿತ ಕೌನ್ಸಿಲನ್ನು ಸರ್ಕಾರ ಮೂಲನಿವಾಸಿಗಳ ಮೇಲೆ ಹೇರಿತು. 1869ರ ಕಾಯ್ದೆಯಂತೆ 21 ವರ್ಷ ತುಂಬಿದ ಗಂಡಸರು ಮಾತ್ರ ಮತ ಹಾಕಿ ಮೂರು ವರ್ಷಕ್ಕೆ ಮುಖ್ಯಸ್ಥರನ್ನು ಆರಿಸಬೇಕಾಯಿತು. ಗ್ರ್ಯಾಂಡ್ ನದಿಯ ದಡದ ಆರು ರಾಷ್ಟ್ರಗಳ, ಅಂದರೆ ಆರು ಮೂಲನಿವಾಸಿ ಜನಾಂಗಗಳ, ಒಕ್ಕೂಟದಲ್ಲಿ ಮುಖ್ಯಸ್ಥರನ್ನು ಹೆಸರಿಸುವ, ಬೇಕಾದರೆ ಕೆಳಗಿಳಿಸುವ ಹಕ್ಕು ಕುಲಮಾತೆಯರದಾಗಿತ್ತು. 1924ರಲ್ಲಿ ಸರ್ಕಾರ ಅವರ ಪರಂಪರಾಗತ ಕೌನ್ಸಿಲನ್ನು ಬದಿಗೆ ಸರಿಸಿ ಚುನಾಯಿತ ಕೌನ್ಸಿಲ್ ತಂದಿತು. ಚುನಾವಣೆಯ ಹೆಸರಿನಲ್ಲಿ ಹೆಂಗಸರು ಇದ್ದ ಅಧಿಕಾರವನ್ನೂ ಕಳೆದುಕೊಂಡರು.

ಇಂದು ಒಂಟಾರಿಯೊದ ಟೌನ್‌ಶಿಪ್‌ಗಳಲ್ಲಿ ಯಾವ ನಿಯಮವಿದೆ?

ಟೌನ್‌ಶಿಪ್‌ಗಳು ಇಂದಿಗೂ ಇವೆ. ಕೌನ್ಸಿಲ್‌ನಲ್ಲಿ ಮುಖ್ಯಸ್ಥರೂ ಸೇರಿ ಕನಿಷ್ಠ ಐವರು ಇರಬೇಕು. 1849ರ ಐದು ಇನ್ನೂ ಉಳಿದಿದೆ. ಅವಧಿ ನಾಲ್ಕು ವರ್ಷ, ಮತದಾನ ಅಕ್ಟೋಬರ್ ತಿಂಗಳ ನಾಲ್ಕನೆಯ ಸೋಮವಾರ. ಸೋಮವಾರವೂ ಉಳಿದಿದೆ ನೋಡಿ. ಹಿಂದಿನ ಚುನಾವಣೆ ನಡೆದದ್ದು 2022ರ ಅಕ್ಟೋಬರ್ 24ರಂದು.

ಅಲ್ಲಿ ನೆಲೆಸಿರುವ ಕನ್ನಡಿಗರು ಮತ ಹಾಕಬಹುದೇ? ನಿಲ್ಲಬಹುದೇ?

ಕೆನಡಾದ ಪೌರತ್ವ ಪಡೆದು 18 ವರ್ಷ ತುಂಬಿದ್ದರೆ ಮತವಿದೆ. ಕಾಯಂ ನಿವಾಸದ ಪರವಾನಗಿ ಮಾತ್ರ ಇದ್ದರೆ, ಎಷ್ಟೇ ವರ್ಷ ತೆರಿಗೆ ಕಟ್ಟಿದ್ದರೂ ಇಲ್ಲ. ತೆರಿಗೆ ಕಟ್ಟುವ ಮನೆವಂದಿಗನಿಗೆ 1793ರಲ್ಲಿ ಇದ್ದ ಹಕ್ಕು ಇಂದು ಅಂಥವರಿಗಿಲ್ಲ. ಇದು ಮರುಚಿಂತನೆ ಆಗಬೇಕಾದ ವಿಷಯ ಎಂದು ನಾನು ನಂಬುತ್ತೇನೆ. ಅದೇ ವೇಳೆ, ಬೇರೆ ಊರಿನಲ್ಲಿ ವಾಸಿಸುತ್ತಾ ಟೌನ್‌ಶಿಪ್‌ನಲ್ಲಿ ಆಸ್ತಿ ಇಟ್ಟುಕೊಂಡ ಅಥವಾ ಬಾಡಿಗೆಗೆ ಹಿಡಿದ ಕೆನಡಾದ ಪೌರರು ಅಲ್ಲಿಯೂ ಮತ ಹಾಕಬಹುದು.

ನಿಲ್ಲುವುದಾದರೆ ಗುಮಾಸ್ತರ ಕಚೇರಿಯಲ್ಲಿ ನಾಮಪತ್ರ ಸಲ್ಲಿಸಬೇಕು. ಠೇವಣಿ ಕೌನ್ಸಿಲ್ ಮುಖ್ಯಸ್ಥರ ಸ್ಥಾನಕ್ಕೆ 200 ಡಾಲರ್, ಸದಸ್ಯ ಸ್ಥಾನಕ್ಕೆ 100 ಡಾಲರ್. ದೊಡ್ಡ ಊರುಗಳಲ್ಲಿ 25 ಮತದಾರರ ಸಹಿ ಬೇಕು. ಸಣ್ಣ ಟೌನ್‌ಶಿಪ್‌ಗಳಿಗೆ ಅದರಿಂದ ವಿನಾಯಿತಿ ಇದೆ. ಆ ನಾಮಪತ್ರವನ್ನು ತೆಗೆದುಕೊಳ್ಳುವ ಗುಮಾಸ್ತರನ್ನು ನೇಮಿಸಿದ್ದು ಗವರ್ನರ್ ಅಲ್ಲ, ನಿಮ್ಮ ಊರಿನ ಕೌನ್ಸಿಲ್.